ಮಂಟಪದಲ್ಲಿ ಮಲಗಿದವರ ಚರಿತ್ರೆ

ನಂಜನಗೂಡಿನ ಗುಡಿಯ ಬಗ್ಗೆ ಇಂಗ್ಲಿಷರ ಕಾಲದ ಗೆಜೆಟಿಯರ್ ತೆಗೆದು ನೋಡಿ. 385 ಅಡಿ ಉದ್ದ, 160 ಅಡಿ ಅಗಲ, 147 ಕಂಬ ಎಂದು ಲೆಕ್ಕ ಬರೆದಿಟ್ಟಿದ್ದಾರೆ. ಕಪಿಲೆಯ ಮೇಲಿನ ಹಳೇ ಕಲ್ಲು ಸೇತುವೆಗೂ ಲೆಕ್ಕ ಉಂಟು. ಅದನ್ನು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದನಂತೆ. ಟಿಪ್ಪುವಿನ ಆನೆಯ ಕಣ್ಣು ವಾಸಿಯಾದ ಕತೆ, ಅವನು ದೇವರಿಗೆ ಹಕೀಂ ನಂಜುಂಡ ಎಂದು ಹೆಸರಿಟ್ಟ ಕತೆ, ಪಚ್ಚೆಲಿಂಗದ ಕತೆ ಎಲ್ಲವೂ ಸಿಗುತ್ತವೆ. ಆ ಕಂಬಗಳ ಬುಡದಲ್ಲಿ ರಾತ್ರಿ ಮಲಗಿದವರು ಎಷ್ಟು ಜನ, ಅವರು ಯಾರ ಮಕ್ಕಳು, ಯಾವ ಹಟ್ಟಿಯಿಂದ ಎದ್ದು ಬಂದವರು ಅನ್ನುವುದನ್ನು ಮಾತ್ರ ಯಾರೂ ಬರೆದಿಲ್ಲ.

ಹೋದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಒಂದು ನೋಟುಬುಕ್ಕು, ಒಂದು ಟಾರ್ಚು ಹಿಡಕೊಂಡು ರಾತ್ರಿ ಹನ್ನೊಂದರ ಮೇಲೆ ಎಣಿಸಲು ಹೋದೆವು. ಸ್ನಾನಘಟ್ಟದಿಂದ ಸುರು ಮಾಡಿ ಹದಿನಾರು ಕಾಲು ಮಂಟಪದ ಕಡೆ ನಡೆದೆವು. ಎಣಿಕೆ ಮುಗಿಯಲಿಲ್ಲ. ಟಾರ್ಚಿನ ಬೆಳಕು ಬಿದ್ದ ಕಡೆಯಲ್ಲೆಲ್ಲ ಜನ ಎದ್ದು ಚಾಪೆ ಸುತ್ತಿಕೊಂಡು ಕತ್ತಲಿಗೆ ಸರಿದುಬಿಟ್ಟರು. ಹಿಡಿಯುವವರ ಗಾಡಿ ಬಂತು ಅಂದುಕೊಂಡಿದ್ದರು. ಒಬ್ಬ ಮುದುಕಿ ಮಾತ್ರ ಎದ್ದು ಕೂತು, ‘ಟಾರ್ಚ್ ಆರ್ಸು ಮೊಗ. ಮನಿಕಂಡೋರ್ನ ಯಾಕ್ ಏಳ್ಸೀಯೆ’ ಅಂದಳು. ನಾವು ಆರಿಸಿದೆವು. ಆ ರಾತ್ರಿಯ ಉಳಿದ ಪಾಠವನ್ನೆಲ್ಲ ಕತ್ತಲಲ್ಲೇ ಕಲಿತೆವು.

ಗೆಳೆಯರೆ, ಇದು ಆ ಜನರ ಚರಿತ್ರೆ. ದೊರೆಗಳ ತಾರೀಖು ಇದರಲ್ಲಿ ಕಡಿಮೆ. ಕಾಯಿದೆಗಳ ತಾರೀಖು ಜಾಸ್ತಿ.

ಮೊದಲು ಹಟ್ಟಿಯಿಂದಲೇ ಸುರು ಮಾಡಬೇಕು. ಊರ ಹೊರಗಿನ ಹೊಲಗೇರಿಯಲ್ಲಿ ಮನೆ ಅನ್ನುವುದು ಇತ್ತು, ಮನೆಯ ಕೆಳಗಿನ ನೆಲ ನಮ್ಮದಾಗಿರಲಿಲ್ಲ. ಗೋಡೆ ನಾವು ಎಬ್ಬಿಸಿದ್ದು, ಮಣ್ಣು ನಾವು ತುಳಿದದ್ದು, ಗರಿ ನಾವು ಹೊದಿಸಿದ್ದು. ಆ ಜಾಗ ಗೌಡನದು, ಇಲ್ಲವೇ ಶಾನುಭೋಗನ ಲೆಕ್ಕದಲ್ಲಿ ಇನ್ಯಾವುದೋ ಹೆಸರಿನದು. ಜೀತಕ್ಕಿದ್ದವನಿಗೆ ಅದೂ ಇಲ್ಲ. ಅವನು ಧಣಿಯ ಕೊಟ್ಟಿಗೆಯಲ್ಲಿ ಎತ್ತಿನ ಜೊತೆ ಮಲಗಬೇಕು. ನಮ್ಮ ತಾತ ಹಂಗೇ ಮಲಗಿದವನು. ಎತ್ತು ಎದ್ದರೆ ತಾನೂ ಏಳಬೇಕಾಗಿತ್ತು ಅಂತ ಹೇಳುವಾಗ ನಗುತ್ತಿದ್ದ. ಆ ನಗು ನಮಗೆ ಅರ್ಥವಾಗಲು ಬಿ.ಎ. ಮುಗಿಯಬೇಕಾಯಿತು.

1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯಿದೆಯಾಯಿತು. ದೊಡ್ಡ ಕೆಲಸ, ನಾವು ಅಲ್ಲಗಳೆಯುವುದಿಲ್ಲ. ನಮ್ಮಪ್ಪ ಇಸ್ಕೂಲಿನ ಮುಖ ನೋಡಿದ್ದೇ ಅದರಿಂದ. ಆದರೆ ಧಣಿ ‘ನೀನಿನ್ನು ಸ್ವತಂತ್ರ, ಹೋಗು’ ಅಂದಾಗ ಮಲಗುವ ಕೊಟ್ಟಿಗೆಯೂ ಹೋಯಿತು. ಸಾಲ ಮನ್ನಾ ಆದದ್ದನ್ನು ಕಾಗದದಲ್ಲಿ ಬರೆದರು. ಆ ರಾತ್ರಿ ಅವನು ಎಲ್ಲಿ ಮಲಗಿದ ಅನ್ನುವುದನ್ನು ಬರೆಯಲಿಲ್ಲ.

ಅದಕ್ಕೂ ಮುಂಚೆ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನಿಗೆ ನೆಲ ಅಂದರು. ನಮ್ಮವರಲ್ಲಿ ಹೆಚ್ಚಿನವರು ಉಳುತ್ತಿದ್ದರು ನಿಜ, ಗೇಣಿದಾರರಾಗಿ ಅಲ್ಲ, ಕೂಲಿಯಾಗಿ, ಜೀತವಾಗಿ. ಆ ಕಾಯಿದೆಯ 38ನೇ ಕಲಮಿನಲ್ಲಿ ಇನ್ನೊಂದು ಮಾತಿತ್ತು. ಕೃಷಿ ಕೂಲಿಕಾರ ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದರೆ ಆ ಮನೆಯ ಜಾಗ ಅವನ ಹೆಸರಿಗೇ ಆಗಬೇಕು ಅಂತ. ಓದಿದರೆ ಕಣ್ಣು ತುಂಬುತ್ತದೆ. ಅರ್ಜಿ ಹಾಕುವುದು ಯಾರು? ಅರ್ಜಿ ಬರೆಯುವವನು ಶಾನುಭೋಗನ ಜಗಲಿಯಲ್ಲಿ ಕೂತಿದ್ದ. ಕೊಟ್ಟಿಗೆಯಲ್ಲಿ ಮಲಗುವವನಂತೂ ‘ಇದು ನನ್ನ ವಾಸದ ಮನೆ’ ಅಂತ ಬರೆಸುವ ಹಾಗೇ ಇರಲಿಲ್ಲ.

ಅದೇ 1974ರಲ್ಲಿ ನದಿಯ ಮೇಲುಗಡೆ, ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಹಳ್ಳಿಗಳು ಮುಳುಗಿದವು, ಕಾಡಿನ ಜನ, ಕೇರಿಯ ಜನ ಎದ್ದರು. ನೀರು ಕೆಳಗಿನ ಗದ್ದೆಗೆ ಬಂತು. ನೀರಿನ ಹಿಂದೆ ಕೆಲಸ ಹುಡುಕಿಕೊಂಡು ಜನ ಬಂದರು: ಕಬ್ಬಿಗೆ, ಭತ್ತದ ಕುಯ್ಲಿಗೆ, ನರಸೀಪುರದ ರೇಷ್ಮೆ ನೂಲಿನ ಕಾರ್ಖಾನೆಯ ಸುತ್ತಲಿನ ಚಿಲ್ಲರೆ ಕೂಲಿಗೆ, ನಂಜನಗೂಡಿನ ಗಿರಣಿಗಳ ಹೊರೆಗೆ. ಕುಯ್ಲು ಮುಗಿದ ಮೇಲೆ ಹೊಲದಲ್ಲಿ ಮಲಗುವ ಹಂಗಿಲ್ಲ. ಕಾಲು ಪೇಟೆಯ ಕಡೆ ತಿರುಗುತ್ತವೆ. ಪೇಟೆಯಲ್ಲಿ ಯಾರನ್ನೂ ಕೇಳದೆ ಮಲಗಬಹುದಾದ ಜಾಗ ಎರಡೇ: ಬಸ್‌ಸ್ಟ್ಯಾಂಡು, ದೇವರ ಮಂಟಪ.

ಮಂಟಪ, ಛತ್ರಗಳ ಚರಿತ್ರೆ ಬೇರೆಯೇ ಉಂಟು. ಯಾತ್ರೆಯ ಊರಾದ್ದರಿಂದ ನಂಜನಗೂಡಿನಲ್ಲಿ ಛತ್ರಕ್ಕೆ ಕೊರತೆ ಇರಲಿಲ್ಲ. ಅರಮನೆಯ ದಾನ, ಸಾಹುಕಾರರ ದಾನ, ಜಾತಿ ಜಾತಿಗೆ ಒಂದೊಂದು. ಪುಣ್ಯ ಬಯಸಿ ಕಟ್ಟಿಸಿದ ಸೂರು ಅದು. ಒಳಗೆ ಮಲಗುವವನ ಜಾತಿ ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು. ನಮ್ಮವರು ನದೀ ದಂಡೆಯ ಮರಳಲ್ಲಿ ಮಲಗಿ ತೇರು ನೋಡಿ ಹೋದರು. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂದದ್ದೇ 1948ರಲ್ಲಿ. ನಂಜುಂಡ, ನಂಜಯ್ಯ, ನಂಜಮ್ಮ ಅಂತ ತಲೆತಲಾಂತರದಿಂದ ಹೆಸರಿಟ್ಟುಕೊಂಡ ಜನ ಅವನ ಬಾಗಿಲೊಳಗೆ ಹೋಗಲು ಅಷ್ಟು ಕಾಲ ಕಾಯಬೇಕಾಯಿತು.

ಈ ದೇವರು ವೈದ್ಯ. ವಾಸಿಯಾಗದ ರೋಗದವರು ಸೇವೆಗೆ ಬಂದು ತಿಂಗಳುಗಟ್ಟಲೆ ಇದ್ದು ಉರುಳು ಸೇವೆ ಮಾಡುವುದು, ಮುಡಿ ಕೊಡುವುದು ನಡೆದು ಬಂದದ್ದು. ಮನೆಯವರು ಜೊತೆಯಲ್ಲಿ ಬರುತ್ತಾರೆ. ಆಮೇಲೆ ಒಂದು ದಿನ ಮನೆಯವರು ಬಸ್ಸು ಹತ್ತುತ್ತಾರೆ, ರೋಗಿ ಉಳಿಯುತ್ತಾನೆ. ತಲೆ ಕೆಟ್ಟವಳು ಅಂತ ಊರು ಹೆಸರಿಟ್ಟ ಹೆಣ್ಣು, ಮೂರ್ಛೆ ಬೀಳುವ ಗಂಡು, ಕುಷ್ಠ ವಾಸಿಯಾದ ಮೇಲೂ ಮನೆಗೆ ಸೇರಿಸದ ಮುದುಕ. ಇವರನ್ನು ಬಿಟ್ಟುಹೋದವರನ್ನು ನಾವು ಬೈಯುತ್ತೇವೆ. ಒಂದೇ ಅಂಕಣದ ಮನೆಯಲ್ಲಿ ಆರು ಜನ ಮಲಗುವವರು ರಾತ್ರಿಯೆಲ್ಲ ಕೂಗುವ ತಂಗಿಯನ್ನು ಎಲ್ಲಿ ಮಲಗಿಸಬೇಕು ಅಂತ ಮಾತ್ರ ಕೇಳುವುದಿಲ್ಲ.

ಇನ್ನು ಹಿಡಿಯುವವರ ಗಾಡಿಯ ಮಾತು. ಮೈಸೂರು ಸಂಸ್ಥಾನ 1944ರಲ್ಲೇ ಭಿಕ್ಷೆ ನಿಷೇಧದ ಕಾಯಿದೆ ಮಾಡಿತು. ಕರ್ನಾಟಕ ಅದನ್ನು 1975ರಲ್ಲಿ ಹೊಸದಾಗಿ ಬರೆಯಿತು. ನೋಡಿ, ಜೀತ ಬಿಡಿಸಿದ್ದೂ ಅದೇ ವರ್ಷ, ಬೇಡಿದವರನ್ನು ಹಿಡಿಯುವ ಕಾಯಿದೆ ಬಂದದ್ದೂ ಅದೇ ವರ್ಷ. ಪೊಲೀಸರು ಹಿಡಿಯಬಹುದು, ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹಾಕಬಹುದು, ವರ್ಷಗಟ್ಟಲೆ ಇಡಬಹುದು. ಅದರ ಖರ್ಚಿಗೆ ಪಟ್ಟಣದ ಕಟ್ಟಡ, ಜಮೀನಿನ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಕರ. ನಂಜನಗೂಡಿನಲ್ಲಿ ಮನೆ ಕಂದಾಯ ಕಟ್ಟುವವರು ರಸೀತಿ ತೆಗೆದು ನೋಡಿ, ಭಿಕ್ಷುಕರ ಕರ ಅಂತ ಒಂದು ಸಾಲಿರುತ್ತದೆ. ಆ ಸಾಲು ಮಂಟಪದವರ ಹೆಸರಿನಲ್ಲಿ ವಸೂಲಾಗುವ ದುಡ್ಡು.

ಆ ಕಾಯಿದೆಯಲ್ಲಿ ಇನ್ನೊಂದು ಸೋಜಿಗ. ಜಿಲ್ಲಾಧಿಕಾರಿಯಿಂದ ಪರವಾನಗಿ ಪಡೆದ ಧಾರ್ಮಿಕ ಭಿಕ್ಷುಗಳು, ದೇವರ ಹರಕೆಗಾಗಿ ಬೇಡುವವರು ಭಿಕ್ಷುಕರ ಲೆಕ್ಕಕ್ಕೆ ಬರುವುದಿಲ್ಲ. ಹಂಗಾಗಿ ಒಂದೇ ಮೆಟ್ಟಿಲ ಮೇಲೆ ಕೂತ ಇಬ್ಬರಲ್ಲಿ ಒಬ್ಬನದು ಧರ್ಮ, ಇನ್ನೊಬ್ಬನದು ಅಪರಾಧ. ಹಸಿವಿಗೆ ಬೇಡಿದವನದೇ ಅಪರಾಧ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರದಲ್ಲಿ ಏನಾಗುತ್ತದೆ ಅನ್ನುವುದನ್ನು 2010ರ ಆಗಸ್ಟ್ ತಿಂಗಳು ಲೋಕಕ್ಕೆ ತೋರಿಸಿತು. ಬೆಂಗಳೂರು ಮಾಗಡಿ ರಸ್ತೆಯ ಭಿಕ್ಷುಕರ ಕಾಲೋನಿಯಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಮೊದಲ ಎಂಟು ತಿಂಗಳ ಲೆಕ್ಕ ತೆಗೆದಾಗ ಸಾವು ಇನ್ನೂರನ್ನು ದಾಟಿತ್ತು. ಮಂತ್ರಿ ರಾಜೀನಾಮೆ ಕೊಟ್ಟರು. ಅವರಿಗೆ ಅಲ್ಲಿ ಸೂರು ಇತ್ತು, ಹೊತ್ತಿಗೆ ಊಟ ಅನ್ನುವುದೂ ಇತ್ತು. ಬಾಗಿಲಿನ ಚಿಲಕ ಹೊರಗಿನಿಂದ ಹಾಕುವ ಹಂಗಿತ್ತು. 2018ರಲ್ಲಿ ದೆಹಲಿ ಹೈಕೋರ್ಟು, ಬೇಡುವುದನ್ನು ಅಪರಾಧವೆಂದ ಕಲಮುಗಳನ್ನು ದೆಹಲಿಯ ಮಟ್ಟಿಗೆ ಹೊಡೆದುಹಾಕಿತು. ನಮ್ಮ ಮಂಟಪದ ಜನ ಇನ್ನೂ ಟಾರ್ಚು ಕಂಡರೆ ಏಳುತ್ತಾರೆ.

ದೇವರಾಜ ಅರಸರ ಕಾಲದ ಇನ್ನೊಂದು ಕೆಲಸವನ್ನೂ ಹೇಳಬೇಕು. ಹೇಳದಿದ್ದರೆ ನಾವು ಉಂಡ ಮನೆಗೆ ಎರಡು ಬಗೆದ ಹಂಗೆ. 1972ರಲ್ಲಿ, ಮನೆ ನಿವೇಶನ ಕೊಡುವುದಕ್ಕಾಗಿ ಜಮೀನು ವಶಪಡಿಸಿಕೊಳ್ಳುವ ಕಾಯಿದೆ ಮಾಡಿದರು. ಜನತಾ ಮನೆಗಳು ಬಂದವು. ನಮ್ಮದೂ ಜನತಾ ಮನೆಯೇ. ಒಂದು ಕೋಣೆ, ಒಂದು ಒಲೆಯ ಮೂಲೆ, ಮಂಗಳೂರು ಹೆಂಚು. ಮಳೆಗಾಲದಲ್ಲಿ ಸೋರುತ್ತಿತ್ತು, ಪಾತ್ರೆ ಇಡುವ ಜಾಗ ನಮಗೆ ಬಾಯಿಪಾಠವಾಗಿತ್ತು. ಕಾಲೋನಿ ಮತ್ತೆ ಊರ ಹೊರಗೇ ಆಯಿತು, ಹಳೇ ಹೊಲಗೇರಿಗೆ ಸರಕಾರಿ ಹೆಸರು ಬಂತು ಅಂತ ಹಿರಿಯರು ಸಿಡುಕುತ್ತಿದ್ದರು. ಅದೂ ಸರಿಯೇ. ಆದರೆ ಹಕ್ಕುಪತ್ರ ಅಂತ ಒಂದು ಕಾಗದ ನಮ್ಮ ತಾತನ ಹೆಸರಿನಲ್ಲಿ ಬಂತು. ಅವನಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೂರಿನ ಗಳುವಿಗೆ ಕಟ್ಟಿದ್ದ. ಯಾರಾದರೂ ದೊಡ್ಡವರು ಬಂದರೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ, ಕೆಳಗಿಳಿಯುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಮಲಗಿದವನು ತನ್ನ ಬಾಗಿಲಲ್ಲಿ ನಿಂತದ್ದು ನಮ್ಮ ವಂಶದ ಮೊದಲ ಬಂಡಾಯ ಅಂತ ನಾವು ತಿಳಿದಿದ್ದೇವೆ.

1991-92ರಲ್ಲಿ ಆಶ್ರಯ ಯೋಜನೆ ಬಂತು, 2000ದಲ್ಲಿ ರಾಜೀವ್ ಗಾಂಧಿ ಹೆಸರಿನ ವಸತಿ ನಿಗಮ ಬಂತು, ಅಂಬೇಡ್ಕರ್ ಹೆಸರಲ್ಲಿ, ಬಸವಣ್ಣನ ಹೆಸರಲ್ಲಿ ಮನೆಗಳು ಬಂದವು. 2017ರಲ್ಲಿ ಆ 38ನೇ ಕಲಮಿನ ಪಕ್ಕದಲ್ಲೇ 38-ಎ ಅಂತ ಇನ್ನೊಂದು ಕಲಮು ಜಾರಿಗೆ ಬಂತು. ದಾಖಲೆ ಇಲ್ಲದ ಹಾಡಿ, ಹಟ್ಟಿ, ತಾಂಡಾಗಳಲ್ಲಿ ವಾಸ ಮಾಡುವವನೇ ಆ ಜಾಗದ ಒಡೆಯ ಅಂದರು. ಇವೆಲ್ಲ ಹೋರಾಟದಿಂದ ಬಂದವು. ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ.

ಇಷ್ಟಾದರೂ ಮಂಟಪ ಯಾಕೆ ಖಾಲಿಯಾಗಲಿಲ್ಲ? ನಮಗೆ ಕಂಡ ಕಾರಣ ಇದು. ಈ ಯೋಜನೆಗಳೆಲ್ಲ ಕುಟುಂಬವನ್ನು ನೋಡಿದವು. ಫಲಾನುಭವಿ ಅಂದರೆ ರೇಷನ್ ಕಾರ್ಡಿನಲ್ಲಿ ಯಜಮಾನನೋ ಯಜಮಾನಿಯೋ ಆಗಿರಬೇಕು, ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರಿರಬೇಕು, ನಿವೇಶನ ಇರಬೇಕು, ಅಡಿಪಾಯ ಹಾಕಿ ಫೋಟೋ ತೆಗೆಸಬೇಕು. ಆಗ ಒಂದು ಕಂತು. ಗೋಡೆ ಎದ್ದರೆ ಇನ್ನೊಂದು ಕಂತು. ಕೈಯಲ್ಲಿ ಕಾಸಿಲ್ಲದವನು ಅಡಿಪಾಯ ಹೆಂಗೆ ಹಾಕುತ್ತಾನೆ? ಒಂಟಿಯಾದವನಿಗೆ, ಹೆಸರು ಕೇಳಿದರೆ ದಿನಕ್ಕೊಂದು ಹೆಸರು ಹೇಳುವವಳಿಗೆ, ಕುಡಿದು ಕಾರ್ಡು ಕಳಕೊಂಡವನಿಗೆ ಈ ಬಾಗಿಲು ತೆರೆಯುವುದೇ ಇಲ್ಲ. ನಮ್ಮ ಚಳವಳಿಯೂ ಅವರ ಬಳಿಗೆ ಹೋಗಲಿಲ್ಲ. ನಿವೇಶನ ಕೊಡಿ ಅಂತ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತವರ ಪಟ್ಟಿಯಲ್ಲಿ ಮಂಟಪದವರು ಇರಲಿಲ್ಲ. ಧಿಕ್ಕಾರ ಕೂಗುವವರ ಸಾಲಿನ ಪಕ್ಕದಲ್ಲೇ ಅವರು ಮಲಗಿರುತ್ತಾರೆ, ನಾವು ದಾಟಿಕೊಂಡು ಹೋಗಿ ಮನವಿ ಕೊಡುತ್ತೇವೆ. ಇದನ್ನು ಬರೆದುಕೊಳ್ಳದೆ ಸರಕಾರವನ್ನು ಮಾತ್ರ ಬೈದರೆ ಈ ಚರಿತ್ರೆ ಸುಳ್ಳಾಗುತ್ತದೆ.

2010ರಲ್ಲಿ ಸುಪ್ರೀಂ ಕೋರ್ಟು ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ನಡೆಯುವ ತಂಗುದಾಣ ಇರಬೇಕು ಅಂದಿತು. 2013ರಲ್ಲಿ ಕೇಂದ್ರ ಸರಕಾರ ಅದಕ್ಕೊಂದು ಯೋಜನೆಯನ್ನೂ ಮಾಡಿತು. ಲಕ್ಷಕ್ಕೆ ಒಂದು! ನಂಜನಗೂಡು 2011ರಲ್ಲಿ ಐವತ್ತು ಸಾವಿರದ ಊರು. ತಿರುಮಕೂಡಲು ನರಸೀಪುರ ಅದಕ್ಕಿಂತ ಎಷ್ಟೋ ಸಣ್ಣದು. ಈ ಲೆಕ್ಕದಲ್ಲಿ ಎರಡು ತಾಲ್ಲೂಕಿನ ಪಟ್ಟಣ ಕೂಡಿಸಿದರೂ ಒಂದು ತಂಗುದಾಣ ಹುಟ್ಟುವುದಿಲ್ಲ. ಬೀದಿಯಲ್ಲಿ ಮಲಗುವುದು ಬೆಂಗಳೂರಿನ ಕಾಯಿಲೆ ಅಂತ ಡೆಲ್ಲಿಯವರು ತಿಳಿದಿದ್ದಾರೆ.

ಆ ವರ್ಷದ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಲು ಒಂದೇ ರಾತ್ರಿ ಇಟ್ಟಿದ್ದರು: 2011ರ ಫೆಬ್ರುವರಿ 28. ದೇಶದಲ್ಲಿ 17 ಲಕ್ಷ 73 ಸಾವಿರ ಜನ ಸಿಕ್ಕಿದರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣದವರು. ಎಲ್ಲೆಲ್ಲಿ ಹುಡುಕಬೇಕು ಅನ್ನುವ ಸೂಚನೆಯಲ್ಲಿ ರಸ್ತೆ ಬದಿ, ಸಿಮೆಂಟು ಪೈಪು, ರೈಲು ನಿಲ್ದಾಣ, ದೇವಸ್ಥಾನ, ಮಂಟಪ ಅಂತ ಬರೆದಿತ್ತು. ಮಂಟಪ ಅನ್ನುವ ಪದವೇ ಇತ್ತು, ಸ್ವಾಮಿ. ನಮ್ಮೂರಿನ ಗುರುತು ಸರಕಾರಿ ಕಾಗದದಲ್ಲಿ ಅದೊಂದು ಕಡೆಯಾದರೂ ಸರಿಯಾಗಿ ಬಂದಿದೆ. ಆದರೆ ಟಾರ್ಚು ಕಂಡರೆ ಓಡುವವರನ್ನು ಒಂದೇ ರಾತ್ರಿಯಲ್ಲಿ ಎಣಿಸಿದ ಲೆಕ್ಕ ಎಷ್ಟು ನಿಜ ಅನ್ನುವುದನ್ನು ಎಣಿಸಲು ಹೋಗಿ ಸೋತ ನಾವು ಬಲ್ಲೆವು.

2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಬಂದಳು. ಹದಿನಾರು ಕಾಲು ಮಂಟಪ ಮುಳುಗಿತು. ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಪರಿಹಾರ ಕೇಂದ್ರ ತೆರೆದರು, ಅನ್ನ ಹಾಕಿದರು. 2019ರಲ್ಲಿ ಸರಕಾರ, ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಹೇಳಿತು. ಮನೆ ಬಿದ್ದವನಿಗೆ ಮನೆ ಸಿಗಬೇಕು, ಸಂತೋಷ. ಮಂಟಪವೇ ಮನೆಯಾಗಿದ್ದವರು ಏನು ತೋರಿಸಬೇಕು? ಅವರು ಕಳಕೊಂಡದ್ದು ಚಾಪೆ, ಚೊಂಬು, ಎರಡು ಸೀರೆ. ಹೊಳೆ ಇಳಿಯಿತು, ಕೆಸರು ಒಣಗಿತು, ಅವರು ಬಂದು ಗುಡಿಸಿಕೊಂಡು ಮಲಗಿದರು.

ಇನ್ನು ನರಸೀಪುರ. ಕಾವೇರಿ, ಕಪಿಲೆ ಕೂಡುವ ಜಾಗ. ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಅನ್ನುತ್ತಾರೆ. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರುವರಿಯಲ್ಲೂ ಮೂರು ದಿನ ಆಯಿತು. ಮೂರು ದಿನದ ಮಟ್ಟಿಗೆ ಹೊಳೆಯ ದಂಡೆಯಲ್ಲಿ ಪೆಂಡಾಲು, ನಲ್ಲಿ, ಕಕ್ಕಸು, ಲೈಟು, ಆಸ್ಪತ್ರೆ, ತೇಲುವ ಸೇತುವೆ ಕೂಡ ಎದ್ದು ನಿಲ್ಲುತ್ತವೆ. ಬಂದ ಯಾತ್ರಿಕರಿಗೆ ಅನುಕೂಲವಾಗಲಿ, ನಮ್ಮದೇನೂ ತಕರಾರಿಲ್ಲ. ನಾಲ್ಕನೇ ದಿನ ಗಳ ಬಿಚ್ಚುವ ಕೂಲಿಯವರಲ್ಲಿ ಕೆಲವರು ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು.

ಮನಸ್ಸು ಮಾಡಿದರೆ ಸರಕಾರಕ್ಕೆ ಆಗುತ್ತದೆ ಅನ್ನುವುದಕ್ಕೆ ಹತ್ತಿರದ ಸಾಕ್ಷಿಯೇ ಇದೆ. 2020ರ ಲಾಕ್‌ಡೌನಿನಲ್ಲಿ ಮೈಸೂರಿನ ನಂಜರಾಜ ಬಹದ್ದೂರ್ ಛತ್ರದ ಬಾಗಿಲನ್ನು ಬೀದಿಯ ಜನಕ್ಕೆ ತೆರೆದರು. ಹಾಸಿಗೆ, ಊಟ, ಡಾಕ್ಟರು ಎಲ್ಲ ಇತ್ತು. ಒಂದು ಕಾಲಕ್ಕೆ ಯಾತ್ರಿಕರಿಗೆಂದು ಕಟ್ಟಿದ ಛತ್ರದೊಳಗೆ ಭಿಕ್ಷುಕ ಅನ್ನಿಸಿಕೊಂಡವನು ಕಾಲು ಚಾಚಿ ಮಲಗಿದ. ಅದು ರೋಗ ಹರಡೀತು ಅನ್ನುವ ಭಯದಿಂದ ತೆರೆದ ಬಾಗಿಲು. ಭಯದ ಜೊತೆಗೇ ಅದೂ ಮುಗಿಯಿತು.

ಹಂಗಾದರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಲೋಕದಲ್ಲಿ ಬೇರೆಯವರು ಏನು ಮಾಡಿದ್ದಾರೆ ಅಂತ ನಾವು ಹುಡುಕಿದೆವು. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನಶ್ಶಾಸ್ತ್ರಜ್ಞ, ವರ್ಷಗಟ್ಟಲೆ ಬೀದಿಯಲ್ಲಿ ಬಿದ್ದಿದ್ದ, ಮನಸ್ಸು ಕದಡಿದ, ಕುಡಿತಕ್ಕೆ ಬಿದ್ದ ಜನರ ಕೈಗೆ ನೇರವಾಗಿ ಬಾಡಿಗೆ ಮನೆಯ ಬೀಗದ ಕೈ ಕೊಡಲು ಸುರು ಮಾಡಿದ. ಅಲ್ಲಿಯತನಕ ಪದ್ಧತಿ ಏನಿತ್ತೆಂದರೆ, ಮೊದಲು ಕುಡಿತ ಬಿಡು, ಔಷಧಿ ತಗೋ, ನಡತೆ ತಿದ್ದಿಕೋ, ಆಮೇಲೆ ಮನೆ. ಇವನು ತಿರುಗಿಸಿದ: ಮೊದಲು ಮನೆ. ಆಮೇಲೆ ಡಾಕ್ಟರು, ನರ್ಸು, ಕೆಲಸ ಹುಡುಕಿಕೊಡುವವರು ಆ ಮನೆಯ ಬಾಗಿಲು ತಟ್ಟಿಕೊಂಡು ಬರಬೇಕು. ಬೇಡವೆಂದರೆ ಅವತ್ತು ಹೋಗಿ ಇನ್ನೊಂದು ದಿನ ಬರಬೇಕು. ಹೆಚ್ಚಿನ ಜನ ಮನೆ ಬಿಟ್ಟು ಬೀದಿಗೆ ಮರಳಲಿಲ್ಲ. ಫಿನ್ಲೆಂಡ್ ಅನ್ನುವ ದೇಶ 2008ರಿಂದ ಇದನ್ನು ಸರಕಾರದ ನೀತಿಯನ್ನೇ ಮಾಡಿಕೊಂಡಿತು. ರಾತ್ರಿ ತಂಗುವ ಹಾಸಿಗೆ ಸಾಲುಗಳನ್ನು ಒಡೆದು ಒಬ್ಬೊಬ್ಬರಿಗೆ ಒಂದೊಂದು ಬಾಗಿಲಿನ ಮನೆ ಮಾಡಿದರು.

ಅವು ದುಡ್ಡಿರುವ ದೇಶ, ನಮ್ಮಲ್ಲಾಗುತ್ತದಾ ಅಂತ ಕೇಳುವವರಿಗೆ ಮದರಾಸು ತೋರಿಸಬೇಕು. 1993ರಲ್ಲಿ ಇಬ್ಬರು ಹುಡುಗಿಯರು ಬೀದಿಯಲ್ಲಿ ಅಲೆಯುವ ಹೆಂಗಸರಿಗಾಗಿ ಬನ್ಯನ್, ಅಂದರೆ ಆಲದ ಮರ ಅನ್ನುವ ಸಂಸ್ಥೆ ಮಾಡಿದರು. ಆಸ್ಪತ್ರೆಯಲ್ಲಿ ವಾಸಿಯಾದರೂ ಕರಕೊಂಡು ಹೋಗಲು ಯಾರೂ ಬಾರದ ಹೆಂಗಸರು ವರ್ಷಗಟ್ಟಲೆ ಅಲ್ಲೇ ಉಳಿದರು. 2015ರಿಂದ ಅವರು ಮಾಡಿದ್ದು ಇಷ್ಟೆ: ಸಾಮಾನ್ಯ ಬೀದಿಯಲ್ಲಿ, ಸಾಮಾನ್ಯ ಹಳ್ಳಿಯಲ್ಲಿ ಬಾಡಿಗೆಗೆ ಮನೆ ಹಿಡಿದರು. ನಾಲ್ಕೈದು ಜನ ಹೆಂಗಸರು ಸೇರಿ ಸಂಸಾರದಂತೆ ಇರುತ್ತಾರೆ. ನೆರವಿಗೆ ಅದೇ ಸುತ್ತಿನ ಹೆಣ್ಣುಮಗಳೊಬ್ಬಳು. ಏನಡಿಗೆ ಮಾಡಬೇಕು ಅಂತ ಅವರೇ ಜಗಳ ಆಡಿ ತೀರ್ಮಾನಿಸುತ್ತಾರೆ. ನಮ್ಮ ಜಿಲ್ಲೆಯಲ್ಲೂ ಎಚ್.ಡಿ. ಕೋಟೆ ತಾಲ್ಲೂಕಿನ ಚಿತ್ತಧಾಮದಲ್ಲಿ ಬೀದಿಯಲ್ಲಿ ಅಲೆಯುವ ಮಾನಸಿಕ ರೋಗಿಗಳನ್ನು ಕರಕೊಂಡು ಬಂದು ಆರೈಕೆ ಮಾಡುತ್ತಾರೆ. ಆರೈಕೆ ಆದ ಮೇಲೆ ಹೋಗಲು ಒಂದು ಬಾಗಿಲು ಬೇಕಲ್ಲ, ಆ ಬಾಗಿಲಿನ ಮಾತು ನಾವು ಆಡುತ್ತಿರುವುದು. 2017ರ ಮಾನಸಿಕ ಆರೋಗ್ಯ ಕಾಯಿದೆಯ 19ನೇ ಕಲಮು ಇದನ್ನೇ ಹೇಳುತ್ತದೆ. ಮನೆಯವರು ಸೇರಿಸಲಿಲ್ಲ, ಮನೆಯಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು. ಜನರ ನಡುವೆ ಬದುಕುವಂಥ ಮನೆಗಳನ್ನು ಸರಕಾರ ಒದಗಿಸಬೇಕು.

ಈ ಮಾತನ್ನು ನಾವು ಊರಿನಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಹೇಳಿದಾಗ ಅವರು ನಕ್ಕರು. ‘ಏನ್ರಯ್ಯಾ, ಕುಡುಕರಿಗೆ ಮನೆ ಕೊಟ್ರೆ ಹೆಂಚು ಮಾರ್ಕೊಂಡು ಕುಡೀತಾರೆ’ ಅಂದರು. ಇದು ನಮಗೆ ಹೊಸ ಮಾತಲ್ಲ. ನಮ್ಮ ತಾತನಿಗೆ ಜನತಾ ಮನೆ ಬಂದಾಗ ಊರಿನವರು ಆಡಿದ್ದೂ ಇದೇ ಮಾತು. ಆ ಹೆಂಚುಗಳು ಮೊನ್ನೆ ಮೊನ್ನೆಯತನಕ ಅಲ್ಲೇ ಇದ್ದವು.

ಮೇಷ್ಟ್ರಿಗೆ ನಾವು ನಮ್ಮ ಹಾಸ್ಟೆಲಿನ ಕತೆ ಹೇಳಿದೆವು. ಹತ್ತನೇ ವಯಸ್ಸಿಗೆ ಟ್ರಂಕು ಹೊತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಬಂದಾಗ ನಮಗೆ ಕಾಗುಣಿತ ಸರಿಯಾಗಿ ಬರುತ್ತಿರಲಿಲ್ಲ, ಮೈಮೇಲೆ ಕಜ್ಜಿ ಇತ್ತು, ರಾತ್ರಿ ಹೆದರಿ ಹಾಸಿಗೆ ಒದ್ದೆ ಮಾಡುವವರಿದ್ದೆವು. ಮೊದಲು ಪಾಸಾಗಿ ಬಾ, ಆಮೇಲೆ ಹಾಸಿಗೆ ಕೊಡ್ತೀವಿ ಅಂತ ಯಾರೂ ಅನ್ನಲಿಲ್ಲ. ಮೊದಲು ಹಾಸಿಗೆ, ಅನ್ನ, ಟ್ರಂಕಿಡುವ ಮೂಲೆ. ಆಮೇಲೆ ಡಾಕ್ಟರು ಬಂದು ಮುಲಾಮು ಕೊಟ್ಟರು, ಆಮೇಲೆ ಟ್ಯೂಷನ್ನು, ಸ್ಕಾಲರ್‌ಶಿಪ್ಪು. ಸಾರು ನೀರಾಗಿತ್ತು, ಕಿಟಕಿ ಮುರಿದಿತ್ತು, ಅದಕ್ಕಾಗಿ ಸ್ಟ್ರೈಕೂ ಮಾಡಿದೆವು. ಆದರೂ ಇವತ್ತು ಈ ಲೇಖನ ಬರೆಯುವ ಕೈ ಆ ಸೂರಿನಡಿ ಅಕ್ಷರ ತಿದ್ದಿದ ಕೈ. ಒಂದು ಜನಾಂಗವನ್ನು ಎತ್ತಿ ನಿಲ್ಲಿಸಲು ಸೂರು ಮತ್ತು ನೆರವು ಎರಡೂ ಒಟ್ಟಿಗೇ ಬೇಕು ಅಂತ ಈ ನಾಡಿಗೆ ಗೊತ್ತಿದೆ. ಮಕ್ಕಳ ವಿಷಯದಲ್ಲಿ ಒಪ್ಪಿದ್ದನ್ನು ಮುದುಕಿಯ ವಿಷಯದಲ್ಲಿ, ಹುಚ್ಚನ ವಿಷಯದಲ್ಲಿ ಒಪ್ಪಲು ಯಾಕೆ ಕಷ್ಟ? ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಾಡಿಗೆ ಯಾರು ಕೊಡ್ತಾರೆ?’ ಅಂದರು. ಇದು ಸರಿಯಾದ ಪ್ರಶ್ನೆ. ನಗರಸಭೆಯ ರಸೀತಿಯ ಆ ನೂರಕ್ಕೆ 3ರ ಸಾಲನ್ನು ತೋರಿಸಿದೆವು. ಹಿಡಿದು ಕೂಡಿಹಾಕಲು ಎತ್ತುವ ದುಡ್ಡಿನಲ್ಲಿ ನಾಲ್ಕು ಮನೆ ಬಾಡಿಗೆಗೆ ಹಿಡಿಯಲು ಕಾಯಿದೆ ತಿದ್ದಬೇಕಾದರೆ ತಿದ್ದಲಿ. ಬಾಡಿಗೆಗೆ ಮನೆ ಕೊಡುವವರು ಜಾತಿ ಕೇಳುತ್ತಾರಲ್ಲ ಅಂದರು. ಕೇಳುತ್ತಾರೆ. ಹಾಸ್ಟೆಲು ಬಿಟ್ಟ ಮೇಲೆ ಮೈಸೂರಿನಲ್ಲಿ ರೂಮು ಹುಡುಕಿದ ನಮಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಉತ್ತರ ನಮ್ಮ ಹತ್ತಿರ ಸಿದ್ಧವಾಗಿಲ್ಲ. ಜಗಳ ಅಲ್ಲಿಂದಲೇ ಸುರುವಾಗಬೇಕು.

ಆ ರಾತ್ರಿ ಟಾರ್ಚು ಆರಿಸು ಅಂದ ಅವ್ವನ ಮಾತು ಉಳಿದಿದೆ. ನಿಮ್ಮೂರು ಯಾವುದವ್ವಾ ಅಂದೆವು. ‘ನರಸೀಪುರ್ದ ತಾವ’ ಅಂದಳು, ಊರಿನ ಹೆಸರು ಹೇಳಲಿಲ್ಲ. ಗಂಡ ಜೀತಕ್ಕಿದ್ದನಂತೆ. ಜೀತ ಬಿಡಿಸಿದ ಮೇಲೆ ನಿವೇಶನ ಬಂತು, ಮೈದುನನ ಹೆಸರಿಗೆ. ಗಂಡ ಹೋದ, ಮಗ ಹೋದ, ಮೈದುನನ ಮಕ್ಕಳು ಜಗಲಿ ಕೊಟ್ಟಿದ್ದರು, ಆಮೇಲೆ ಜಗಲಿಗೂ ಗೋಡೆ ಎದ್ದಿತು. ನಂಜುಂಡನ ಸೇವೆಗೆ ಅಂತ ಬಂದವಳು ಉಳಿದಳು. ಎಷ್ಟು ವರ್ಷವಾಯಿತು ಅಂದರೆ, ‘ಎರಡ್ ದಪ ಹೊಳೆ ಬಂತು ಕನ ಮೊಗ, ಅದ್ಕೂ ಮುಂಚೇಲಿಂದ’ ಅಂದಳು.

ನಿನಗೇನು ಬೇಕವ್ವಾ ಅಂತ ಕೇಳಿದೆವು. ಕಂಬಳಿ, ಊಟ ಅಂದಾಳು ಅಂದುಕೊಂಡಿದ್ದೆವು. ‘ಒಂದ್ ಬೀಗ ತಕ್ಕೊಡಿ’ ಅಂದಳು. ಹೂವಿನ ಅಂಗಡಿಯ ಹಲಗೆ ಕೆಳಗೆ ಒಂದು ತಗಡಿನ ಟ್ರಂಕು ಇಟ್ಟಿದ್ದಾಳೆ. ಅದರಲ್ಲಿ ಗಂಡನ ಫೋಟೋ, ಎರಡು ಸೀರೆ, ಒಂದು ಆಧಾರ್ ಕಾರ್ಡು. ಕಾರ್ಡಿನಲ್ಲಿ ಹಳೇ ಊರಿನ ವಿಳಾಸ ಇದೆ. ಮಾರನೇ ದಿನ ಪೇಟೆಯಲ್ಲಿ ಸಣ್ಣದೊಂದು ಬೀಗ ತಂದುಕೊಟ್ಟೆವು. ಎರಡು ಕೀಲಿ ಕೈ ಇದ್ದವು. ಒಂದನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು, ಇನ್ನೊಂದನ್ನು ನಮ್ಮ ಕೈಗೆ ಕೊಟ್ಟು, ‘ಕಳ್ದೋದ್ರೆ ಬೇಕಾಯ್ತದ’ ಅಂದಳು.

ಬರುವ ದೊಡ್ಡ ಜಾತ್ರೆಗೆ ಮೊದಲು, ಬೀದಿ ತೊಳೆದು ಜನರನ್ನು ಎಬ್ಬಿಸುವ ಮುಂಚೆ, ನಾವು ಮತ್ತೆ ಎಣಿಸಲು ಹೋಗುತ್ತಿದ್ದೇವೆ. ಈ ಸಲ ಟಾರ್ಚು ಒಯ್ಯುವುದಿಲ್ಲ. ಅವ್ವ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಯಾರು ಯಾವ ಕಂಬದ ಬುಡದಲ್ಲಿ ಮಲಗುತ್ತಾರೆ, ಯಾರನ್ನು ಮಾತಾಡಿಸಬಹುದು, ಯಾರನ್ನು ಮಾತಾಡಿಸಬಾರದು ಅವಳಿಗೆ ಗೊತ್ತು. ಪಟ್ಟಿ ಬರೆದುಕೊಂಡು ನಗರಸಭೆಗೆ ಹೋಗುತ್ತೇವೆ. ನರಸೀಪುರದ ಬಸ್‌ಸ್ಟ್ಯಾಂಡಿನದನ್ನು ಅಲ್ಲಿನ ಗೆಳೆಯರು ಎಣಿಸಲಿ.